ಬಿಲ್ಲೆವ್ವ ಒಲೆ ನಂದಿಸಿದ್ದು

"ಇವಳ ಕೈಲಿ ಏನಾಗುತ್ತೆ?" ಎಂದು ಮೊದಲು ಅಂದವನು ಕೆಂಪಣ್ಣ. ಹೌದು ಹೌದು ಎಂದು ತಲೆಯಾಡಿಸಿದವನು ಬಿಳಿಯಪ್ಪ.

ಆಗ ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇತ್ತು. ಮರಗಳು ಮಾತಾಡುತ್ತಿದ್ದವು, ಹೊಳೆಗಳು ಉತ್ತರ ಕೊಡುತ್ತಿದ್ದವು. ಹೊರಗಿನ ಹಾಗೆಯೇ ಮನುಷ್ಯರ ಮೈಯೊಳಗೂ ಒಂದು ಹೊಳೆ ಹರಿಯುತ್ತಿತ್ತು. ಅದು ಕೆಂಪು ಹೊಳೆ. ಅದರಲ್ಲಿ ಕೆಂಪಣ್ಣ ಉಸಿರಿನ ಮೂಟೆ ಹೊರುತ್ತಿದ್ದ. ಬಿಳಿಯಪ್ಪ ಕಾವಲು ಕಾಯುತ್ತಿದ್ದ.

ಬಿಲ್ಲೆವ್ವ? ಅವಳು ಮೂಳೆಯೊಳಗೆ ಕೂತ ದೊಡ್ಡವ್ವನ ಸೆರಗಿನಿಂದ ಹರಿದುಬಿದ್ದ ಒಂದು ಚೂರು. ಬಿಲ್ಲೆಯ ಹಾಗೆ ಚಪ್ಪಟೆ. ಕಣ್ಣಿಗೆ ಕಾಣದಷ್ಟು ಸಣ್ಣ. ಈಗಿನವರು ಅವಳನ್ನು ಪ್ಲೇಟ್‌ಲೆಟ್ ಅನ್ನುತ್ತಾರೆ.

ಮೈಯಲ್ಲಿ ಹುಟ್ಟಿದವರಿಗೆಲ್ಲ ಒಂದು ಪುಸ್ತಕ ಸಿಗುತ್ತಿತ್ತು. ಗೋಡೆ ಕಟ್ಟುವುದು ಹೇಗೆ, ಒಲೆ ಹೂಡುವುದು ಹೇಗೆ, ಎಲ್ಲವೂ ಅದರಲ್ಲಿತ್ತು. ಬಿಲ್ಲೆವ್ವನಿಗೆ ಪುಸ್ತಕ ಸಿಗಲಿಲ್ಲ. ಸಿಕ್ಕಿದ್ದು ಒಂದು ಪುಟ್ಟ ಒಲೆ, ಅಷ್ಟೆ.

"ಹತ್ತು ದಿನದ ಆಯಸ್ಸು, ಕೈಯಲ್ಲಿ ಪುಸ್ತಕ ಇಲ್ಲ. ಏನು ಕಡಿದು ಹಾಕ್ತೀಯೆ?" ಎಂದ ಕೆಂಪಣ್ಣ.

"ನಿನ್ನ ಪುಸ್ತಕ ಎಲ್ಲಣ್ಣ?"

"ಇತ್ತು. ಮೂಟೆ ಇಡೋಕೆ ಜಾಗ ಸಾಲಲಿಲ್ಲ, ಎಸೆದುಬಿಟ್ಟೆ."

"ಚೆನ್ನಾಯ್ತು! ಇದ್ದದ್ದನ್ನ ಎಸೆದವನು ಇಲ್ಲದವಳಿಗೆ ಬುದ್ಧಿ ಹೇಳೋಕೆ ಬಂದ," ಎಂದು ಬಿಲ್ಲೆವ್ವ ಮುಖ ತಿರುಗಿಸಿಕೊಂಡು ಹೊರಟಳು.

ಪುಸ್ತಕವಿಲ್ಲದಿದ್ದರೇನು, ಗೋಡೆ ಇತ್ತಲ್ಲ! ಅವಳು ಹೊಳೆಯ ಗೋಡೆಗೆ ಮೈ ಸವರಿಕೊಂಡು ಸಾಗಿದಳು. ನುಣುಪಾಗಿದ್ದರೆ ಕ್ಷೇಮ. ಉಬ್ಬಿದ್ದರೆ ಎಲ್ಲೋ ಕಾವು ಜಾಸ್ತಿಯಾಗಿದೆ. ನಾರು ನಾರಾಗಿ ಕೈಗೆ ಸಿಕ್ಕರೆ ಗೋಡೆ ಹರಿದಿದೆ. ಯಾರೂ ಕಲಿಸಲಿಲ್ಲ. ಮೇಲೆ ಕೆಳಗೆ, ಕೆಳಗೆ ಮೇಲೆ ಓಡಾಡಿ, ತಪ್ಪು ಓದಿ, ಮತ್ತೆ ಓದಿ, ಗೋಡೆಯ ಅಕ್ಷರಗಳನ್ನೆಲ್ಲ ಅವಳೇ ಕಲಿತಳು.

ಈ ಹೊಳೆ ಹರಿಯುತ್ತಿದ್ದದ್ದು ಸಾಕವ್ವನ ಮೈಯಲ್ಲಿ. ಸಾಕವ್ವ ಹೊಳೆದಂಡೆಯಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವವಳು. ಒಂದು ದಿನ ಜೊಂಡಿನ ಅಲಗು ಅವಳ ಬೆರಳು ಸೀಳಿತು. ಕೆಂಪು ಹೊಳೆ ಹೊರಗೆ ನುಗ್ಗಿತು.

ಬಿಲ್ಲೆವ್ವನ ಕೈಗೆ ನಾರು ಸಿಕ್ಕಿತು. ಗಟ್ಟಿಯಾಗಿ ಹಿಡಿದು ನಿಂತಳು, ಒಲೆ ಊದಿದಳು. ಹೊಗೆ ಎದ್ದಿತು. ಆ ಹೊಗೆಗೆ ಒಂದೇ ಅರ್ಥ: ಬಾ. ಹೊಗೆ ಕಂಡ ತಂಗಿಯರು ಸಾವಿರ ಸಾವಿರ ಬಂದರು. ಒಬ್ಬರನ್ನೊಬ್ಬರು ತಬ್ಬಿಕೊಂಡು ತೂತು ಮುಚ್ಚಿದರು. ಹೊಳೆ ಉಳಿಯಿತು. ಅಂದಿನಿಂದ ಕೆಂಪಣ್ಣ ಅವಳಿಗೆ ದಾರಿ ಬಿಟ್ಟು ನಡೆಯತೊಡಗಿದ.

ಹೀಗಿರುವಾಗ ಸಾಕವ್ವ ಪಾಚಿಬಂಡೆಯ ಮೇಲೆ ಜಾರಿ ಬಿದ್ದಳು. ಮಂಡಿ ಊದಿಕೊಂಡಿತು. ಪೆಟ್ಟು ವಾಸಿ ಮಾಡಲು ಮಾಂಸದ ಕೇರಿಯವರೆಲ್ಲ ತಮ್ಮ ತಮ್ಮ ಒಲೆ ಉರಿಸಿದರು. ಕಾವು ಏರಿತು, ನೋವು ಏರಿತು. ಒಂದು ದಿನವಾಯಿತು, ಎರಡು ದಿನವಾಯಿತು, ಯಾರೂ ಒಲೆ ತಗ್ಗಿಸಲಿಲ್ಲ. ಕಾವಿಗೆ ಹೊಳೆಯ ಗೋಡೆ ಅಲ್ಲಲ್ಲಿ ಉಬ್ಬಿತು. ಎದೆಯ ಹತ್ತಿರದ ತಿರುವಿನಲ್ಲೂ ಒಂದು ಉಬ್ಬು ಎದ್ದಿತು.

ಬಿಲ್ಲೆ ತಂಗಿಯೊಬ್ಬಳು ಅದಕ್ಕೆ ಎಡವಿದಳು. ಹರಿದಿದೆ ಎಂದುಕೊಂಡು ಒಲೆ ಊದಿದಳು. ಪಕ್ಕದವಳು ಬಂದಳು, ಅವಳೂ ಊದಿದಳು. ಮತ್ತೊಬ್ಬಳು ಬಂದಳು, ಅವಳೂ ಊದಿದಳು.

ಬಿಲ್ಲೆವ್ವ ಬಂದು ನೋಡಿದರೆ ತಿರುವಿನಲ್ಲಿ ಜಾತ್ರೆ. ಗೋಡೆ ಮುಟ್ಟಿ ಓದಿದಳು. ನಾರು ಎಲ್ಲೂ ಇಲ್ಲ.

"ಇಲ್ಲೇನೂ ಹರಿದಿಲ್ಲ ಕಣ್ರೇ! ಬರೀ ಉಬ್ಬು. ಯಾಕೆ ಬಂದ್ರಿ?"

"ಇವಳು ಕರೆದಳು ಅಕ್ಕ."

"ನನ್ನನ್ನ ಅವಳು ಕರೆದಳು."

"ನನ್ನನ್ನ ನೀನೇ ತಾನೇ ಕರೆದದ್ದು!"

ಅಷ್ಟರಲ್ಲಿ ದಾರಿ ಕೂದಲೆಳೆಯಷ್ಟಾಗಿತ್ತು. ಹಿಂದೆ ಕೆಂಪಣ್ಣ ಮೂಟೆ ಹೊತ್ತು ಸಿಕ್ಕಿಕೊಂಡಿದ್ದ. ಮುಂದೆ ಎದೆಗುಂಡಿಗೆ ಬಡಿದುಕೊಂಡಿತು: "ಉಸಿರು ಬರ್ತಿಲ್ಲ ಕಣ್ರವ್ವಾ! ನಾನು ನಿಂತರೆ ಎಲ್ಲರೂ ನಿಂತ ಹಾಗೆ!"

ಬರಬೇಡಿ ಎಂದು ಬಿಲ್ಲೆವ್ವ ಕೂಗಿದಳು. ಮಾತು ಪಕ್ಕದವಳಿಗಷ್ಟೇ ಕೇಳಿತು. ದೂರ ಹೋಗುವುದು ಹೊಗೆ ಒಂದೇ. ಹೊಗೆಗೆ ಗೊತ್ತಿರುವುದು ಬಾ ಎಂಬುದೊಂದೇ. ಬೇಡ ಎನ್ನಲು ಅವಳಲ್ಲಿ ಹೊಗೆಯೇ ಇರಲಿಲ್ಲ.

ಹೊರಗೆ ಸಾಕವ್ವ ಎದೆ ಹಿಡಿದುಕೊಂಡು ನೀರವಂಜಿ ಮರದ ಬುಡದಲ್ಲಿ ಕುಸಿದಳು.

"ನನ್ನ ತೊಗಟೆ ಅಗಿಯವ್ವ," ಎಂದಿತು ಮರ. "ಕಹಿ ಇದೆ. ಆದರೆ ಕೆಲಸಗಾರ."

"ಎಷ್ಟು ಕಹಿ?"

"ಉಗಿಯೋ ಅಷ್ಟು. ಉಗೀಬೇಡ."

ಸಾಕವ್ವ ಕಣ್ಣು ಮುಚ್ಚಿ ಅಗಿದು ನುಂಗಿದಳು. ತೊಗಟೆಯೊಳಗಿದ್ದ ಕಹಿಯಣ್ಣ ತನ್ನ ತಮ್ಮಂದಿರ ಜೊತೆ ಒಳಗೆ ಇಳಿದ. ಹೆಸರು ಒಂದೇ ಆದರೂ ಅವನಿಗೆ ಸಾವಿರ ಮೈ. ಮಾಂಸದ ಕೇರಿಯ ಒಲೆಗಳ ಬಾಯಲ್ಲಿ ಅವರು ಕೂತರು. ಉರಿ ಇಳಿಯಿತು, ಮಂಡಿಯ ಊತ ತಗ್ಗಿತು. ಕೇರಿಯವರು, "ಕೂತ್ಕೊಳ್ಳಲಿ ಬಿಡ್ರಿ, ಬೇಕಾದಾಗ ಬೇರೆ ಒಲೆ ಹೂಡಿದರಾಯ್ತು," ಎಂದು ಪುಸ್ತಕ ಬಿಡಿಸಿದರು.

ಆಮೇಲೆ ಕಹಿಯಣ್ಣ ಇನ್ನೊಂದು ಮೈಯಲ್ಲಿ ತಿರುವಿಗೆ ಬಂದ. ಬಿಲ್ಲೆವ್ವನ ಒಲೆಯ ಬಾಯಿ ನೋಡಿದ, ಅವಳ ಮುಖ ನೋಡಿದ.

"ತಾಯಿ, ನಾನು ಒಂದು ಸಲ ಕೂತರೆ ಏಳೋನಲ್ಲ. ಕೇರಿಯವರು ಬೇರೆ ಒಲೆ ಹೂಡ್ಕೋತಾರೆ. ನಿನ್ನ ಹತ್ತಿರ ಪುಸ್ತಕ ಇಲ್ಲವಂತೆ."

"ಇಲ್ಲ. ಅದನ್ನ ನೆನಪು ಮಾಡೋಕೆ ನೀನೊಬ್ಬ ಬಾಕಿ ಇದ್ದೆ. ನಿನ್ನ ತಮ್ಮಂದಿರೋ?"

"ಅವರು ಒಂದು ಗಳಿಗೆ ಕೂತು ಎದ್ದು ಹೋಗೋರು. ಅವರು ಎದ್ದರೆ ನಿನ್ನ ಹೊಗೆ ಮತ್ತೆ ಏಳುತ್ತೆ."

ಬಿಲ್ಲೆವ್ವ ತನ್ನ ಒಲೆ ನೋಡಿದಳು. ಹುಟ್ಟುವಾಗ ಸಿಕ್ಕಿದ್ದು ಅದೊಂದೇ. ಅವಳಿಗೆ ಹೆಸರು ಬಂದದ್ದು ಅದರಿಂದಲೇ. ಅದು ನಂದಿದರೆ ಬದುಕಿರುವವರೆಗೂ ಯಾರನ್ನೂ ಹೀಗೆ ಕರೆಯುವಂತಿಲ್ಲ. ಎದೆಗುಂಡಿಗೆ ಇನ್ನೊಮ್ಮೆ ಬಡಿಯಿತು. ಈ ಸಲ ತೀರ ಮೆಲ್ಲಗೆ.

"ಗೋಡೆ ಓದೋಳು ನಾನು," ಎಂದಳು ಬಿಲ್ಲೆವ್ವ. "ಹರಿದಿಲ್ಲ ಅಂತ ಗೊತ್ತಿರೋಳೂ ನಾನೇ. ಕೂತ್ಕೋ."

ಕಹಿಯಣ್ಣ ಒಲೆಯ ಬಾಯಲ್ಲಿ ಕೂತ. ಉರಿ ನಂದಿತು. ಹೊಗೆ ನಿಂತಿತು.

ತಂಗಿಯರು ಕಣ್ಣು ಬಿಟ್ಟು ನೋಡಿದರು. ಎಲ್ಲರಿಗಿಂತ ಜೋರಾಗಿ ಕರೆಯುವ ಅಕ್ಕನೇ ಸುಮ್ಮನಿದ್ದಾಳೆ! ಪಕ್ಕದವಳು, "ನನ್ನದೂ ನಂದಿಸಣ್ಣ," ಎಂದಳು. ಅವಳ ಪಕ್ಕದವಳು, "ನನ್ನದೂ," ಎಂದಳು. ನನ್ನದೂ, ನನ್ನದೂ, ನನ್ನದೂ! ಹೊಗೆ ಇಲ್ಲದ ಮೇಲೆ ಹೊಸಬರು ಬರಲಿಲ್ಲ. ಬಂದವರ ಅಪ್ಪುಗೆ ಸಡಿಲವಾಯಿತು. ದಾರಿ ಒಂದು ಬೆರಳು ತೆರೆಯಿತು, ಎರಡು ಬೆರಳು ತೆರೆಯಿತು, ಆಮೇಲೆ ಹೋ ಎಂದು ಹೊಳೆಯೇ ನುಗ್ಗಿತು. ಎದೆಗುಂಡಿಗೆ ಡಮರು ಬಾರಿಸಿತು.

ಸಾಕವ್ವ ಎದ್ದು ಕೂತಳು. ಎದ್ದು ನಿಂತಳು. ಆಚೆ ದಡಕ್ಕೆ ಕೇಳುವ ಹಾಗೆ, "ನಾನು ಬದುಕಿದೆ ಕಣ್ರೋ!" ಎಂದು ಕೂಗಿದಳು.

"ಬಿಲ್ಲೆವ್ವ, ನಿನ್ನ ಒಲೆ ಹೋಯ್ತಲ್ಲ, ಸೋತ ಹಾಗಾಯ್ತೇ?" ಎಂದು ಕೇಳಿತು ಕೆಂಪು ಹೊಳೆ.

"ನೀನು ಹರೀತಿದ್ದೀಯಲ್ಲ, ಸೋಲು ಎಲ್ಲಿಂದ ಬಂತು?" ಎಂದು ಬಿಲ್ಲೆವ್ವ ನಡುನೀರಿನಲ್ಲಿ ತಲೆಯೆತ್ತಿ ತೇಲಿದಳು.

ಅದಕ್ಕೇ ಮಗು, ಎದೆಯ ದಾರಿ ತೆರೆದಿರಲೆಂದು ನಿನ್ನಜ್ಜ ಕಹಿಯಣ್ಣನ ವಂಶದ ಆಸ್ಪಿರಿನ್ ಮಾತ್ರೆ ನುಂಗುವುದು. ಅದಕ್ಕೇ ಗಡ್ಡ ಹೆರೆಯುವಾಗ ಅವರ ಕೆನ್ನೆ ಕೊಯ್ದುಕೊಂಡರೆ ರಕ್ತ ನಿಲ್ಲಲು ಹೊತ್ತು ಹಿಡಿಯುವುದು. ಅದಕ್ಕೇ ಹಲ್ಲು ಕೀಳುವ ಮೊದಲು, ನೋವಿನ ಮಾತ್ರೆ ಏನಾದರೂ ನುಂಗಿದ್ದೀರಾ ಎಂದು ಡಾಕ್ಟರು ಕೇಳುವುದು. ಮೂಳೆಯೊಳಗಿನ ದೊಡ್ಡವ್ವ ಹೊಸ ಒಲೆಯ ಹೊಸ ಬಿಲ್ಲೆಗಳನ್ನು ಹೆರುತ್ತಲೇ ಇರುತ್ತಾಳೆ. ಆದರೆ ಕಹಿಯಣ್ಣ ಕೂತ ಬಿಲ್ಲೆಗಳ ಒಲೆ ಮತ್ತೆ ಹೊತ್ತುವುದಿಲ್ಲ. ಅವರ ಪಾಲಿಗೆ ಈಗ ಇರುವುದು ತಲೆಯಿಂದ ಕಾಲಿನವರೆಗೆ ಎಲ್ಲೂ ನಿಲ್ಲದೆ ಹರಿಯುವ ಇಡೀ ಹೊಳೆ. ಅದಕ್ಕೆ ಅವರು ತೆತ್ತದ್ದು ತಮ್ಮ ಏಕೈಕ ಒಲೆಯನ್ನು.