ಚಟ ಅಳೆಯುವ ಇಲಿ

ಯಾವ ಮದ್ದು ಎಷ್ಟು ಚಟ ಹತ್ತಿಸುತ್ತದೆಂದು ಇಲಿಗಳ ಮೇಲೆ ಪರೀಕ್ಷಿಸುವ ಪ್ರಯೋಗಾಲಯವೊಂದಿತ್ತು. ಜವಾನ ಊಟಕ್ಕೆ ಹೋದಾಗ ಮೋರಿಯ ಹೆಗ್ಗಣವೊಂದು ಬಂದು ಬಿಳಿ ಇಲಿಯ ಪಂಜರದ ಚಿಲಕ ತೆಗೆಯಿತು.

“ಬೇಗ ಓಡು, ತಮ್ಮಾ!”

“ತಾಳಣ್ಣ, ಈ ಗುಂಡಿಯನ್ನು ಒಂದೇ ಒಂದು ಸಲ ಒತ್ತಿ ಬರುತ್ತೇನೆ. ಒತ್ತಿದರೆ ಮದ್ದು ಬರುತ್ತದೆ.”

“ಬರುತ್ತಿದೆಯೇ?”

“ನಿನ್ನೆಯಿಂದ ಬರೀ ನೀರು. ಆದರೂ ಈ ಸಲ ಬರಬಹುದು.”

“ಅಯ್ಯೋ, ನಿನಗೆ ಚಟ ಹತ್ತಿದೆ!”

“ಬಾಯಿಗೆ ಬಂದಂತೆ ಮಾತಾಡಬೇಡ. ಇಲ್ಲಿ ಚಟವನ್ನು ಅಳೆಯುವವನೇ ನಾನು!” ಎಂದು ಬಿಳಿ ಇಲಿ ಗುಂಡಿ ಒತ್ತುತ್ತಲೇ ಇತ್ತು.

ಅಷ್ಟರಲ್ಲಿ ಹೆಜ್ಜೆ ಸದ್ದಾಯಿತು. ಹೆಗ್ಗಣ ಮೋರಿಗೆ ಹಾರಿತು. ಜವಾನ ಬಂದು ಚಿಲಕ ಹಾಕಿದ.

“ಛೇ, ಬಾಗಿಲು ಹಾಕಿಬಿಟ್ಟರಲ್ಲ! ಇಲ್ಲದಿದ್ದರೆ ಇವತ್ತು ಹೊರಟೇಬಿಡುತ್ತಿದ್ದೆ,” ಎಂದು ಬಿಳಿ ಇಲಿ ನೆಮ್ಮದಿಯಿಂದ ಗುಂಡಿಯ ಮುಂದೆ ಕೂತಿತು.