ಬಣ್ಣ ಹಚ್ಚಿದ ನೀರಿನ ದಾರಿಗಳು

ಶಂಭುಲಿಂಗನೆಂಬ ಶಿಷ್ಯ ಕೇಳಿದ: "ಗುರುಗಳೇ, ಎಲ್ಲವೂ ಒಂದೇ ಎಂದು ತಿಳಿದ ಮೇಲೂ ಇದು ಬೇರೆ, ಅದು ಬೇರೆ ಎಂದು ಗುರುತಿಸಬೇಕೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಕೆಲವು ಕೆರೆಯ ಸಿಹಿನೀರನ್ನು ಕೇರಿಗಳಿಗೆ ತರುತ್ತಿದ್ದವು. ಕೆಲವು ಬಣ್ಣಗಾರರ ಕೊಳೆನೀರನ್ನು ಹೊರಗೆ ಸಾಗಿಸುತ್ತಿದ್ದವು. ಅವನ್ನೆಲ್ಲ ನೋಡಿಕೊಳ್ಳಲು ಒಬ್ಬ ನೀರಗಂಟಿ ಇದ್ದ. ಕೊಳವೆಗಳ ನಕ್ಷೆಯೊಂದು ಬಟ್ಟೆಯ ಮೇಲಿತ್ತು. ಎಲ್ಲ ಗೆರೆಗಳೂ ಕಪ್ಪು.

ಒಮ್ಮೆ ಕೊಳೆನೀರಿನ ಕೊಳವೆ ಬಿರಿದು ನೇಕಾರರ ಬಾವಿಗೆ ಒಸರತೊಡಗಿತು. ಆ ಕೊಳವೆಯನ್ನು ಮುಚ್ಚಬೇಕಿತ್ತು. ನೀರಗಂಟಿ ನಕ್ಷೆ ಬಿಡಿಸಿ ಗೆರೆಯ ಮೇಲೆ ಬೆರಳು ಓಡಿಸುತ್ತ ಹೋದ. ಎರಡು ಗೆರೆ ಹಾಯುವ ಕಡೆ ಬೆರಳು ಇನ್ನೊಂದು ಗೆರೆ ಹಿಡಿಯಿತು. ಅದು ಅವನಿಗೆ ತಿಳಿಯಲಿಲ್ಲ. ಆ ಗೆರೆ ತೋರಿಸಿದಲ್ಲಿ ಅಗೆದು ಕೊಳವೆ ಮುಚ್ಚಿದ. ನೇಕಾರರ ಕೇರಿಗೆ ಹೋಗಿ, "ಇನ್ನು ಧೈರ್ಯವಾಗಿ ಕುಡಿಯಿರಿ" ಎಂದ. ಅವನ ಮಾತು ನಂಬಿ ಜನ ಕುಡಿದರು.

ಕುಂಬಾರರ ಕೇರಿಯವರು ನೀರೇ ಬರುತ್ತಿಲ್ಲವೆಂದು ಬಂದಾಗ ಅವನಿಗೆ ತಾನು ಮುಚ್ಚಿದ್ದು ಯಾವುದೆಂದು ಗೊತ್ತಾಯಿತು. ಓಡಿಹೋಗಿ ಸರಿಪಡಿಸಿದ. ಅಷ್ಟರಲ್ಲಿ ನೇಕಾರರ ಕೇರಿಯಲ್ಲಿ ಹಲವರು ಹಾಸಿಗೆ ಹಿಡಿದಿದ್ದರು. ಕೆಲವರು ಏಳಲಿಲ್ಲ. ಏಳದವರಲ್ಲಿ ಅಲ್ಲಿಗೆ ಕೊಟ್ಟಿದ್ದ ಅವನ ತಂಗಿಯೂ ಒಬ್ಬಳು.

ಮಣ್ಣು ಮಾಡಿ ಬಂದವನು ಹೊಸ ಬಟ್ಟೆ ಹಾಸಿ ನಕ್ಷೆ ಬರೆಯಲು ಕೂತ. ಮೊದಲು ಒಂದೊಂದು ಕೊಳವೆಗೆ ಒಂದೊಂದು ಬಣ್ಣ ಕೊಟ್ಟ. ಬಣ್ಣ ಹೆಚ್ಚಾದಷ್ಟೂ ಒಂದರಂತೆ ಇನ್ನೊಂದು ಕಂಡಿತು. ಕಾವಿ ಯಾವುದು, ಕುಂಕುಮ ಯಾವುದು ಎಂದು ತನಗೇ ತಿಳಿಯದಾಯಿತು. ಆ ಬಟ್ಟೆ ಒಗೆದುಹಾಕಿ ಮತ್ತೆ ಕೂತ. ಈ ಸಲ ಗೆರೆಗಳು ಹಾಯುವ ಕಡೆಗಳನ್ನು ಮೊದಲು ನೋಡಿದ. ಒಂದನ್ನೊಂದು ಹಾಯುವ ಎರಡಕ್ಕೆ ಒಂದಕ್ಕೊಂದು ಹೋಲದ ಬಣ್ಣ ಕೊಟ್ಟ. ಎಲ್ಲೂ ಎದುರಾಗದ ಗೆರೆಗಳಿಗೆ ಒಂದೇ ಬಣ್ಣ ಸಾಕಾಯಿತು. ಇದ್ದಿಲು, ಅರಿಸಿನ, ಕಾವಿ, ನೀಲಿಯಲ್ಲೇ ಇಡೀ ಊರು ಮುಗಿಯಿತು.

ಊರಿನ ಯಜಮಾನ ಅದನ್ನು ನೋಡಿ, "ಏನಯ್ಯಾ, ರಂಗೋಲಿ ಬಿಟ್ಟಿದ್ದೀಯ? ನೆಲದೊಳಗೆ ಕೊಳವೆಗಳೆಲ್ಲ ಒಂದೇ ಮಣ್ಣಿನವಲ್ಲವೇ?" ಎಂದ.

"ಹೌದು ಯಜಮಾನರೇ. ಅಲ್ಲಿ ಅವು ಒಂದರ ಕೆಳಗೊಂದು ಮುಟ್ಟದೆ ಹೋಗುತ್ತವೆ. ಬಟ್ಟೆಯ ಮೇಲೆ ಮಾತ್ರ ಕೂಡಿದಂತೆ ಕಾಣುತ್ತವೆ. ನನ್ನ ಬೆರಳು ತಪ್ಪಿದ್ದು ಅಲ್ಲೇ."

ಯಜಮಾನ ಬಟ್ಟೆಯನ್ನು ಮಡಿಸಿ ಅವನ ಕೈಗೇ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಕೊನೆಗೆ ಎಲ್ಲ ನೀರೂ ಒಂದೇ ತಾನೇ?"

"ಬಾಯಾರಿದವನಿಗೂ ಎಲ್ಲ ನೀರೂ ಒಂದೇ, ಶಂಭುಲಿಂಗ, ಅದಕ್ಕೇ ಬೇರೆ ಮಾಡಿ ತೋರಿಸುವವನೊಬ್ಬ ಬೇಕು."