ನೀಲಗಿರಿ ಎಣ್ಣೆಯ ವಾಸನೆ ಬಾರದ ದಿನ

ಫೈನಲ್ ಪಂದ್ಯದ ಬೆಳಿಗ್ಗೆ ಮೌಲಾಲಿ ಎಂಬ ಹುಡುಗ ತನ್ನ ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡ. ವಾಸನೆ ಬರಲಿಲ್ಲ.

ಇದೇನು ಮಹಾ ಸುದ್ದಿ ಅನ್ನಬೇಡಿ ಮಕ್ಕಳೇ. ಅದು ಕೊರೊನಾ ಕಾಲ. ಮೂಗಿಗೆ ವಾಸನೆ ಹತ್ತದಿದ್ದರೆ ಮೈಯಲ್ಲಿ ರೋಗ ಹೊಕ್ಕಿರಬಹುದು ಎಂದು ಸಣ್ಣ ಕೂಸಿಗೂ ಗೊತ್ತಿದ್ದ ಕಾಲ. ಮೊದಲನೇ ಅಲೆ ಇಳಿದಿತ್ತು. ಕಾಲೇಜುಗಳ ಬಾಗಿಲು ತೆರೆದು, ಗಾಳಿ ಹೋಗಿ ಮೂಲೆಯಲ್ಲಿ ಬಿದ್ದಿದ್ದ ಫುಟ್‌ಬಾಲ್‌ಗಳಿಗೆ ಮತ್ತೆ ಗಾಳಿ ತುಂಬಿದ್ದರು. ಬೆಳಗಾವಿ ಕಡೆಯ ಒಂದು ಊರಿನಲ್ಲಿ ಕಾಲೇಜು ಕಾಲೇಜುಗಳ ನಡುವೆ ಪಂದ್ಯ ನಡೆದಿತ್ತು.

ಆಡಲು ಬಿಟ್ಟಿದ್ದರು, ಆದರೆ ಮೈತುಂಬ ನಿಯಮ. ಮೈದಾನದ ಗೆರೆಯವರೆಗೂ ಮಾಸ್ಕ್ ಇರಬೇಕು. ನೀರಿನ ಬಾಟಲಿ ಅವರವರದು. ಗೋಲು ಹೊಡೆದರೆ ತಬ್ಬಿಕೊಳ್ಳುವಂತಿಲ್ಲ, ಮೊಣಕೈ ತಾಗಿಸಿದರೆ ಸಾಕು. ಅದೇ ಹುಡುಗರು ಕಾರ್ನರ್ ಕಿಕ್ ಬಂದಾಗ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ಬೆವರು ಬೆರೆಸಿ, ಮುಖಕ್ಕೆ ಮುಖ ಕೊಟ್ಟು ನೂಕಾಡುತ್ತಿದ್ದರು. ಗೋಲಿನ ಮುಂದೆ ಮಾತ್ರ ಬರಬಾರದು ಎಂದು ರೋಗದ ಜೊತೆ ಯಾರು ಕರಾರು ಮಾಡಿಕೊಂಡಿದ್ದರೋ ದೇವರಿಗೇ ಗೊತ್ತು.

ಒಂದು ನಿಯಮ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು. ತಂಡದಲ್ಲಿ ಒಬ್ಬನ ಮೇಲೆ ರೋಗದ ಅನುಮಾನ ಬಂದರೂ ಇಡೀ ತಂಡ ಹೊರಗೆ. ಪಂದ್ಯ ಎದುರಾಳಿಯ ಪಾಲು.

ಮೌಲಾಲಿ ಆ ತಂಡದಲ್ಲಿ ಗೋಲು ಹೊಡೆಯುವವನು. ಕಾಲೇಜಿನ ಕೊನೆಯ ವರ್ಷ. ಯುನಿವರ್ಸಿಟಿ ತಂಡಕ್ಕೆ ಹುಡುಗರನ್ನು ಆರಿಸುವವರು ಆ ದಿನ ಫೈನಲ್ ನೋಡಲು ಬಂದಿದ್ದರು. ಅವರ ಕಣ್ಣಿಗೆ ಬೀಳಲು ಅವನಿಗೆ ಉಳಿದಿದ್ದು ಆ ಒಂದೇ ಪಂದ್ಯ. ಅದನ್ನು ಬಿಟ್ಟರೆ ಆಟವೇ ಮುಗಿಯಿತು.

ಗೇಟಿನಲ್ಲಿ ಹಣೆಗೆ ಜ್ವರ ಅಳೆಯುವ ಗನ್ ಹಿಡಿದಾಗ ಏನೂ ತೋರಿಸಿರಲಿಲ್ಲ. ಒಳಗೆ ಹೋಗಿ, ಯಾವತ್ತಿನ ಪದ್ಧತಿಯಂತೆ ಎಣ್ಣೆಯ ಸೀಸೆ ತೆಗೆದುಕೊಂಡ. ಆ ಎಣ್ಣೆಗೆ ಕೋಣೆಯಲ್ಲಿ ನಿಂತವರ ಕಣ್ಣಲ್ಲಿ ನೀರು ಬರುತ್ತದೆ. ಮೌಲಾಲಿ ಅಂಗೈಯನ್ನು ಮೂಗಿಗೆ ಒತ್ತಿ ಹಿಡಿದ. ಏನೂ ಇಲ್ಲ. ಪಕ್ಕದಲ್ಲಿ ಗೋಲ್‌ಕೀಪರ್ ಶಿವಬಸುವಿನ ಸಾಕ್ಸ್ ಬಿದ್ದಿದ್ದವು, ಬೀದಿ ನಾಯಿಗಳನ್ನೂ ಓಡಿಸಬಲ್ಲ ಸಾಕ್ಸ್. ಅವನ್ನೂ ಎತ್ತಿ ಮೂಸಿದ. ಏನೂ ಇಲ್ಲ.

ಶಿವಬಸು ತಂಡದ ಕ್ಯಾಪ್ಟನ್ ಕೂಡ. ಮೌಲಾಲಿ ಅವನನ್ನು ಗೋಡೆಯ ಹಿಂದೆ ಕರೆದುಕೊಂಡು ಹೋದ.

"ಬಸು, ನನಗ ವಾಸನಿ ಬರವಲ್ತು."

"ಹಂಗಂದ್ರ?"

"ಏನೂ ಬರವಲ್ತೋ. ಎಣ್ಣಿದೂ ಇಲ್ಲ, ನಿನ್ನ ಸಾಕ್ಸಿಂದೂ ಇಲ್ಲ."

ಬೇರೆ ದಿನವಾಗಿದ್ದರೆ ಶಿವಬಸು ಬೆನ್ನಿಗೆ ಗುದ್ದಿ ನಗುತ್ತಿದ್ದ. ಈಗ ಸುತ್ತ ನೋಡಿದ.

"ಥಂಡಿ ದಿನ. ಮೂಗು ಕಟ್ಟಿರತೈತಿ. ಗನ್ನಿನ್ಯಾಗ ಏನೂ ತೋರಸಲಿಲ್ಲಲ್ಲ? ಸುಮ್ಮನ ಬೂಟ್ ಹಾಕ್ಕೋ."

"ಜ್ವರ ಇಲ್ಲದನೂ ಬರತೈತಂತ. ಸರ್‌ಗೆ ಹೇಳಿಬಿಡ್ಲೇನು?"

"ಲೇ, ನೀ ಹೇಳಿದಿ ಅಂದ್ರ ನೀ ಒಬ್ಬಾವ ಒಳ್ಳೇವ ಆಗ್ತಿ. ನಾವೆಲ್ಲಾರೂ ಆಡದನ ಮನೀಗೆ ಹೋಗ್ತೀವಿ. ನಿನ್ನ ಸತ್ಯಕ್ಕ ನಮ್ಮ ಮ್ಯಾಚ್ ಯಾಕ ಕೊಡಬೇಕ?"

ಶಿವಬಸು ಕೆಟ್ಟ ಹುಡುಗನೇನಲ್ಲ. ಅವನಿಗೂ ಅದು ಕೊನೆಯ ವರ್ಷ, ಅವನನ್ನೂ ಆರಿಸುವವರು ನೋಡಬೇಕಿತ್ತು. ಅವನು ಕೇಳಿದ ಪ್ರಶ್ನೆಗೆ ತಟ್ಟನೆ ಉತ್ತರ ಕೊಡಲು ನನಗೂ ಆಗುತ್ತಿರಲಿಲ್ಲ. ಮೌಲಾಲಿ ತಲೆ ತಗ್ಗಿಸಿದ್ದನ್ನು ನೋಡಿ ಶಿವಬಸುವಿನ ದನಿ ಮೆತ್ತಗಾಯಿತು.

"ಒಂದು ಕೆಲಸ ಮಾಡು. ಕಾಲು ಉಳುಕೇತಿ ಅನ್ನು. ನೀ ಹೊರಗ ಕೂಡು, ನಾವು ಆಡತೀವಿ. ಯಾರಿಗೂ ತ್ರಾಸಿಲ್ಲ."

ಮೌಲಾಲಿಗೆ ಇದು ಸರಿ ಎನಿಸಿತು. ತಾನು ಆಡದಿದ್ದರೆ ನಷ್ಟ ತನಗೊಬ್ಬನಿಗೆ. ಗೆಳೆಯರು ಆಡುತ್ತಾರೆ. ಎಂಥ ತ್ಯಾಗ! ಹಿಂದಿನ ದಿನ ಎಲ್ಲರೂ ಒಂದೇ ಟೆಂಪೋದಲ್ಲಿ, ಮಾಸ್ಕ್ ಜೇಬಿನಲ್ಲಿಟ್ಟು, ಗಂಟಲು ಹರಿಯುವಂತೆ ಹಾಡುತ್ತ ಬಂದದ್ದು ಅವನಿಗೆ ನೆನಪಾಗದೆ ಇರಲಿಲ್ಲ. ತನ್ನಲ್ಲಿ ರೋಗವಿದ್ದರೆ ಅವರಲ್ಲೂ ಇರಬಹುದು. ಅವರು ಹೋಗಿ ಎದುರಾಳಿ ಹುಡುಗರ ಮೈಗೆ ಮೈ ತಿಕ್ಕುತ್ತಾರೆ. ಆ ಹುಡುಗರು ಸಂಜೆ ಮನೆಗೆ ಹೋಗುತ್ತಾರೆ. ಯೋಚನೆ ಇಷ್ಟು ದೂರ ಬಂದಾಗ ಮೌಲಾಲಿ ಅದನ್ನು ಅಲ್ಲಿಗೇ ನಿಲ್ಲಿಸಿ, ಗೋಡೆಯ ಹಿಂದಿನಿಂದ ಹೊರಬಂದು ಕುಂಟತೊಡಗಿದ.

ಕುಂಟುವುದನ್ನು ಮೊದಲು ನೋಡಿದವರು ಗುರುಪಾದ ಸರ್. ಅವರು ಕಾಲೇಜಿನ ಆಟದ ಮೇಷ್ಟ್ರು. ಸಕ್ಕರೆ ಕಾಯಿಲೆಯಿತ್ತು, ಎದೆಯ ಆಪರೇಷನ್ ಆಗಿತ್ತು. ಮನೆಯಲ್ಲಿ ಹೆಂಡತಿ ಬೇಡ ಬೇಡ ಎಂದರೂ ಕೇಳದೆ, ಒಂದರ ಮೇಲೊಂದು ಮಾಸ್ಕ್ ಹಾಕಿಕೊಂಡು ಬಂದಿದ್ದರು. ಅದೇ ವರ್ಷ ನಿವೃತ್ತಿ. ಅವರ ಕೈಯಲ್ಲಿ ಬೆಳೆದ ತಂಡ ಫೈನಲ್ ಮುಟ್ಟಿದ್ದು ಅದೇ ಮೊದಲು.

"ಏನಾತಪಾ?"

"ಕಾಲು ಉಳುಕೇತ್ರಿ ಸರ್."

ಸರ್ ಓಡಿ ಬಂದರು. ಆ ವಯಸ್ಸಿನಲ್ಲಿ ನೆಲಕ್ಕೆ ಮೊಣಕಾಲೂರಿ ಕೂತು, ಹುಡುಗನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೂಟು ಬಿಚ್ಚಿದರು. ಉಸಿರಿಗೆ ಕನ್ನಡಕ ಮಂಜಾಗಿ ಏನೂ ಕಾಣದಾಗಿದ್ದರಿಂದ ಎರಡೂ ಮಾಸ್ಕುಗಳನ್ನು ಗದ್ದದ ಕೆಳಗೆ ಎಳೆದರು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಮುಖ ಮೇಲೆತ್ತಿದರು.

"ಇಲ್ಲಿ ನೋಯ್ತೈತೇನು?"

"ಹೂಂ ರೀ."

"ಇಲ್ಲಿ?"

"ಹೂಂ ರೀ."

"ಹೆದರಬ್ಯಾಡ. ಬರ್ಫ್ ಹಚ್ಚೂಣು. ಸೆಕೆಂಡ್ ಹಾಫ್‌ಗೆ ನಿನ್ನ ಇಳಿಸೇ ಇಳಸ್ತೀನಿ. ಯುನಿವರ್ಸಿಟಿಯವರು ಬಂದಾರ, ನಿನ್ನ ಆಟ ಅವರು ನೋಡಬೇಕು."

ಮಾತಾಡುವಾಗ ಸರ್ ಅವರ ಬಿಸಿಯುಸಿರು ಮೌಲಾಲಿಯ ಮುಖಕ್ಕೆ ತಾಗಿತು. ಹಾಗಾದರೆ ತನ್ನ ಉಸಿರೂ ಅವರಿಗೆ ತಾಗುತ್ತಿದೆ. ಎಲ್ಲರಿಂದ ದೂರ ಇರಲಿಕ್ಕೆಂದು ಹೇಳಿದ ಸುಳ್ಳು, ಆ ಮೈದಾನದಲ್ಲಿ ಯಾರು ಹತ್ತಿರ ಬರಲೇಬಾರದಿತ್ತೋ ಅವರನ್ನೇ ಕರೆತಂದು ಮುಖದ ಮುಂದೆ ಕೂರಿಸಿತ್ತು. ಮೌಲಾಲಿ ಬಾಯಿಗೆ ಕೈ ಅಡ್ಡ ಹಿಡಿದ.

"ಸರ್, ದೂರ ಸರೀರಿ."

"ಯಾಕೋ?"

"ಕಾಲಿಗೆ ಏನೂ ಆಗಿಲ್ರಿ. ಸುಳ್ಳ ಹೇಳಿದೆ. ನನಗ ವಾಸನಿ ಬರವಲ್ತ್ರಿ."

ಸರ್ ನೆಲಕ್ಕೆ ಕೈಯೂರಿ ಎದ್ದರು. ಮಾಸ್ಕ್ ಏರಿಸಿಕೊಂಡರು. ಮೈದಾನದ ಕಡೆ ನೋಡಿದರು. ಎದುರಾಳಿ ಹುಡುಗರು ಆಗಲೇ ಓಡಾಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಸರ್ ಪಂದ್ಯ ನಡೆಸುವವರ ಟೇಬಲ್ಲಿಗೆ ನಡೆದುಹೋಗಿ, ಮಾತಾಡಿ, ವಾಪಸು ಬಂದರು.

"ಬ್ಯಾಗ್ ಕಟ್ಟರಿ," ಎಂದರು.

ಒಬ್ಬ ಹುಡುಗ ನೀರಿನ ಬಕೆಟ್ಟನ್ನು ಒದ್ದ. ಇನ್ನೊಬ್ಬ ಗೋಡೆಗೆ ಮುಖ ಮಾಡಿ ನಿಂತ. ಶಿವಬಸು ಕೈಗವಸು ಬಿಚ್ಚಿ ಮೌಲಾಲಿಯ ಕಾಲಬಳಿ ಎಸೆದು ಹೋದ. ಎದುರಾಳಿಗಳಿಗೆ ಕಪ್ ಕೊಟ್ಟು, ಮಾಸ್ಕ್ ಹಾಕಿಸಿ ಫೋಟೊ ತೆಗೆದರು. ಆಡದೆ ಗೆದ್ದ ಅವರ ಮುಖದಲ್ಲೂ ಗೆಲುವಿರಲಿಲ್ಲ.

ಎಲ್ಲರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡರು. ಆಮೇಲೆ ರಿಪೋರ್ಟ್ ಬಂತು. ಎಲ್ಲರದೂ ನೆಗೆಟಿವ್. ಮೌಲಾಲಿಯದೂ ನೆಗೆಟಿವ್. ಚಳಿಗಾಲದ ಧೂಳಿಗೆ ಮೂಗಿನೊಳಗೆ ಬಾವು ಬಂದಿದೆ, ಅಷ್ಟೇ, ಎಂದು ಡಾಕ್ಟರು ಹನಿ ಬಿಡಲು ಔಷಧ ಕೊಟ್ಟರು.

ಇಂಥ ಕಥೆಗಳಲ್ಲಿ ಈ ಹೊತ್ತಿಗೆ ಸತ್ಯ ಹೇಳಿದವನ ಕೊರಳಿಗೆ ಹಾರ ಬೀಳುತ್ತದೆ. ಇಲ್ಲೂ ಬಿತ್ತು. ತಂಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ದಪ್ಪ ಮೂಗಿನ ಚಿತ್ರ ಹಾಕಿ ಅದಕ್ಕೆ ಚೆಂಡುಹೂವಿನ ಹಾರ ತೊಡಿಸಿದ್ದರು. ಎಲ್ಲರೂ ಕೆಳಗೆ ನಗುವ ಮುಖಗಳನ್ನು ಸಾಲಾಗಿ ಅಂಟಿಸಿದರು. ಶಿವಬಸು ನಗಲೂ ಇಲ್ಲ, ಮಾತಾಡಲೂ ಇಲ್ಲ. ದಾರಿಯಲ್ಲಿ ಎದುರಾದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ.

ಮೌಲಾಲಿ ಒಂದು ಸಂಜೆ ಗುರುಪಾದ ಸರ್ ಮನೆಗೆ ಹೋಗಿ ಗೇಟಿನ ಹೊರಗೇ ನಿಂತ. ಸರ್ ಒಳಗಿನ ಕಟ್ಟೆಯ ಮೇಲೆ ಕೂತಿದ್ದರು.

"ಸರ್, ನಾ ಹೇಳಿದ್ದು ಸುಳ್ಳ ಆತಲ್ರಿ."

"ವಾಸನಿ ಬರವಲ್ತು ಅಂದಿ. ಬರತಿತ್ತೇನು?"

"ಇಲ್ರಿ."

"ಮತ್ತ ಸುಳ್ಳ ಹೆಂಗಾತು? ನಿನಗ ಗೊತ್ತಿದ್ದದ್ದು ನೀ ಹೇಳಿದಿ. ನಿನಗ ಗೊತ್ತಿಲ್ಲದ್ದು ದವಾಖಾನಿಯವರು ಹೇಳಿದರು. ಎರಡೂ ಖರೇನ."

"ಆದ್ರ ಮ್ಯಾಚ್ ಹೋತಲ್ರಿ."

"ಹೋತು," ಎಂದರು ಸರ್. "ನೆನಸಿಕೊಂಡ್ರ ನನಗೂ ಹೊಟ್ಟಿ ಉರೀತೈತಿ."

ಅವರು ಸುಮ್ಮನೆ ಸಮಾಧಾನ ಹೇಳುವ ಮನುಷ್ಯರಲ್ಲ. ಆದರೂ ಮೌಲಾಲಿ ಹೋಗುವಾಗ ಗೇಟಿನವರೆಗೂ ಎದ್ದು ಬಂದು, ಅವನು ಓಣಿಯ ತಿರುವು ದಾಟುವವರೆಗೆ ನಿಂತಿದ್ದರು.

ಬೇಸಿಗೆ ಬಂತು. ಎರಡನೇ ಅಲೆ ಬಂತು. ಈ ಸಲದ್ದು ಆಟವಾಗಿರಲಿಲ್ಲ. ಓಣಿಗಳೆಲ್ಲ ಬಾಗಿಲು ಹಾಕಿಕೊಂಡವು. ಮನೆಯಲ್ಲಿ ಜ್ವರವಿದೆ ಎಂದು ಯಾರೂ ಬಾಯಿಬಿಡುತ್ತಿರಲಿಲ್ಲ. ಹೇಳಿದರೆ ಹಾಲಿನವನು ಬರುವುದಿಲ್ಲ, ಅಂಗಡಿಯವನು ಸಾಮಾನು ಕೊಡುವುದಿಲ್ಲ, ನೆರೆಮನೆಯವರು ಕಿಟಕಿ ಮುಚ್ಚುತ್ತಾರೆ. ಕೆಮ್ಮಿದವರು ಧೂಳು ಅಂದರು. ಮೈ ಬಿಸಿಯಾದವರು ಬಿಸಿಲು ಅಂದರು.

ಶಿವಬಸುವಿನ ಅಕ್ಕ ಕಸ್ತೂರಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ಗಂಡ ಬೇರೆ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಒಂದು ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಯಾವುದೂ ಖಾಲಿ ಇಲ್ಲ. ಶಿವಬಸು ಓಣಿಯ ಆಟೊದವರ ಬಳಿಗೆ ಓಡಿ, ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯೇ ಎಂದು ಮೊದಲು ಕೇಳಿದ.

"ನಮ್ಮ ಮನ್ಯಾಗ ಏನಿಲ್ಲಪಾ, ಎಲ್ಲಾರೂ ಆರಾಮದಾರ," ಎಂದ ಒಬ್ಬ. ಅವನ ಬೆನ್ನ ಹಿಂದೆ ಒಳಗೆ ಯಾರೋ ಕೆಮ್ಮಿದರು. "ಮೊನ್ನೆ ಮೈ ಬೆಚ್ಚಗಿತ್ತು, ಬಿಸಲಿಂದ ಅದು," ಎಂದ ಇನ್ನೊಬ್ಬ. ಮತ್ತೊಬ್ಬ ಕೇಳುವ ಮೊದಲೇ "ಏನಿಲ್ಲ, ಏನಿಲ್ಲ" ಎಂದು ಚಾವಿ ಹಿಡಿದು ಗಾಡಿಯ ಕಡೆ ಹೊರಟೇಬಿಟ್ಟ. ಅವರೆಲ್ಲ ನಿಜವನ್ನೇ ಹೇಳಿರಬಹುದು. ಆದರೆ ತುಂಬು ಬಸುರಿಯನ್ನು ಕೂರಿಸಬೇಕಾದ ಗಾಡಿ. ನಂಬುವುದು ಹೇಗೆ? ಏನಿಲ್ಲ ಎಂದು ಹೇಳುವುದು ಎಷ್ಟು ಸುಲಭ ಎಂಬುದು ಶಿವಬಸುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗೆ ಹೇಳುವುದನ್ನು ಗೆಳೆಯನಿಗೆ ಅವನೇ ಕಲಿಸಿದ್ದ.

ಅವನು ಬೀದಿಯ ನಡುವೆ ನಿಂತು ಮೌಲಾಲಿಗೆ ಫೋನ್ ಮಾಡಿದ. ಕಾಲೇಜಿನ ಪರೀಕ್ಷೆ ಮುಂದಕ್ಕೆ ಹೋದ ಮೇಲೆ ಮೌಲಾಲಿ ತನ್ನ ಅಪ್ಪನ ಆಟೊ ಓಡಿಸುತ್ತಿದ್ದ. ಆ ಪಂದ್ಯದ ನಂತರ ಇಬ್ಬರೂ ಮಾತಾಡಿದ್ದು ಅದೇ ಮೊದಲು.

"ಮೌಲಾ, ಅಕ್ಕಗ ಬ್ಯಾನಿ ಸುರು ಆಗೇತಿ. ಗಾಡಿ ಬೇಕು. ನಿಮ್ಮ ಮನ್ಯಾಗ ಯಾರಿಗರೆ ಜ್ವರ, ಕೆಮ್ಮು ಐತೇನು?"

"ಇಲ್ಲ, ಯಾರಿಗೂ ಏನಿಲ್ಲ. ಎಲ್ಲಾರೂ ಆರಾಮದೀವಿ. ಬರಲೇನು?"

"ಬಾ," ಎಂದ ಶಿವಬಸು. ಮತ್ತೇನನ್ನೂ ಕೇಳಲಿಲ್ಲ.

ಮೌಲಾಲಿ ಬಂದ. ಗುಂಡಿ ತಪ್ಪಿಸಿ, ಉಬ್ಬು ಬಂದಲ್ಲಿ ಆಟೊವನ್ನು ನಡಿಗೆಯಷ್ಟು ನಿಧಾನ ಮಾಡಿ, ಶಿವಬಸುವನ್ನೂ ಅವನ ಅಕ್ಕನನ್ನೂ ತಾಯಿಯನ್ನೂ ಆಸ್ಪತ್ರೆಗೆ ಮುಟ್ಟಿಸಿದ. ಗಂಡಸರನ್ನು ಒಳಗೆ ಬಿಡಲಿಲ್ಲ. ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ನಡುವೆ ಜಾಗ ಬಿಟ್ಟು ಕೂತರು. ಸಂಜೆಯ ಹೊತ್ತಿಗೆ ನರ್ಸ್ ಬಂದು ಹೆಣ್ಣು ಕೂಸು, ಇಬ್ಬರೂ ಆರಾಮ ಎಂದು ಹೇಳಿಹೋದಳು. ಶಿವಬಸು ಮುಖ ಮುಚ್ಚಿಕೊಂಡು ಅತ್ತ.

ಅತ್ತು ಮುಗಿದ ಮೇಲೆ ಹೇಳಿದ: "ನಮ್ಮ ಓಣ್ಯಾಗ ಮೂರು ಆಟೊ ಇದ್ದವು. ಒಬ್ಬರ ಮಾತೂ ನಂಬಾಕ ಆಗಲಿಲ್ಲ ನನಗ."

"ಮತ್ತ ನನ್ನ ಮಾತು ಹೆಂಗ ನಂಬಿದಿ? ನಾನೂ ಏನಿಲ್ಲ ಅಂತನ ಅಂದೆ."

"ಆ ಮ್ಯಾಚ್ ಆಡಾಕ ಜೀವಾ ಬಿಡತಿದ್ದಿ ನೀನು. ಅದಕ್ಕನೂ ಸುಳ್ಳ ಹೇಳಿ ದಕ್ಕಿಸಿಕೊಳ್ಳಾಕ ಆಗಲಿಲ್ಲ ನಿನಗ. ಇವತ್ತ ಒಂದು ಬಾಡಿಗಿ ಸಲುವಾಗಿ ಹೇಳ್ತೀಯೇನು?"

ಪಂದ್ಯ ಕೈತಪ್ಪಿದ ದಿನವೂ ಅಳದಿದ್ದ ಹುಡುಗ, ಮಾಸ್ಕಿನ ಅಂಚಿನಿಂದ ಕಣ್ಣು ಒರೆಸಿಕೊಂಡು, ಕೂಸಿಗೆ ಹೆಸರು ಏನು ಇಡ್ತೀರಿ ಎಂದು ಕೇಳಿದ.

ನೀತಿ: ನಿಜ ಹೇಳಿದವನು ಆ ದಿನವೇ ಗೆಲ್ಲುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮಕ್ಕಳೇ. ಮೌಲಾಲಿ ಸೋತ, ಆ ಫೈನಲ್ ಅವನಿಗೆ ಮತ್ತೆ ಸಿಗಲಿಲ್ಲ. ಆದರೆ ತನಗೇ ನಷ್ಟವಾಗುವ ಹೊತ್ತಿನಲ್ಲಿ "ಹೌದು, ತೊಂದರೆ ಇದೆ" ಎಂದು ಹೇಳಿದವನು, ಮುಂದೊಂದು ದಿನ "ಏನೂ ಇಲ್ಲ, ಹೆದರಬೇಡ" ಎಂದರೆ ಅವನ ಮಾತನ್ನು ನಂಬಿ ಜನ ತಮ್ಮವರ ಜೀವವನ್ನೇ ಅವನ ಕೈಗೆ ಕೊಡುತ್ತಾರೆ.